ಒಂಬತ್ತನೆಯ ಗೂಟ

ಫೆಬ್ರವರಿ ೩, ೨೦೨೫, ಸೋಮವಾರ

ಗೆದ್ದೆ! ತಿಪಟೂರಿನ ನಮ್ಮ ಆಫೀಸಿನ ಮಹಡಿಯ ಮೇಲೆ, ಬೆಳಗ್ಗೆ ಹತ್ತೂಕಾಲಕ್ಕೆ, ಪ್ರಿಂಟರು ಗಂಟಲು ಸರಿಮಾಡಿಕೊಂಡು ಆ ಒಂದು ಹಾಳೆಯನ್ನು ಉಗುಳಿದಾಗ ನನ್ನ ಎದೆಯೊಳಗೆ ರಣಭೇರಿ ಮೊಳಗಿತು. ಮೂರು ತಿಂಗಳ ತಪಸ್ಸು! ತುರುವೇಕೆರೆ ರಸ್ತೆಯ ಕಾಯಿಪುಡಿ ಕಾರ್ಖಾನೆಯಲ್ಲಿ ಯಾವ ಆಳು ಯಾವ ಗೂಟದಲ್ಲಿ ಎಷ್ಟು ತೆಂಗಿನಕಾಯಿ ಸುಲಿದ, ಎಷ್ಟು ಹೊತ್ತು ಸುಮ್ಮನೆ ಕೂತ, ಎಲ್ಲವನ್ನೂ ಡೇಟಾಬೇಸಿನ ಹೊಟ್ಟೆ ಬಗೆದು ಹೊರಗೆಳೆದು ಒಂದೇ ಹಾಳೆಯ ಮೇಲೆ ಸಾಲಾಗಿ ನಿಲ್ಲಿಸಿದ್ದೇನೆ. ಮೇಲೆ ಮೊದಲ ಹತ್ತು ಮಂದಿ, ಕಪ್ಪು ಅಕ್ಷರದಲ್ಲಿ. ಕೆಳಗೆ ಕಡೆಯ ಹತ್ತು ಮಂದಿ, ಕೆಂಪು ಅಕ್ಷರದಲ್ಲಿ. ಆ ಕೆಂಪು ನನ್ನ ಸ್ವಂತ ಕಲ್ಪನೆ. ರಂಗದ ಮೇಲೆ ಯಾರು ಸಾಯುವವರೆಂದು ಬಣ್ಣ ನೋಡಿದರೇ ತಿಳಿಯಬೇಕು. ಇನ್ನೊಂದು ನಿಯಮವನ್ನೂ ಹೆಣೆದಿದ್ದೇನೆ: ಏಳು ದಿನ ಒಂದೇ ಸಮನೆ ಸೊನ್ನೆ ಬಂದರೆ ಆ ಹೆಸರು ತಾನಾಗಿಯೇ ಪಟ್ಟಿಯಿಂದ ಉದುರುತ್ತದೆ, ಕಾರ್ಡು ಸಾಯುತ್ತದೆ, ಗೇಟು ತೆರೆಯುವುದಿಲ್ಲ.

ಕಾರ್ಖಾನೆಯ ಮಾಲೀಕರು ಬೆಟ್ಟಸ್ವಾಮಿಯವರು ಹಾಳೆಯನ್ನು ಎರಡು ಸಲ ಓದಿದರು. ಮೇಜು ಕುಟ್ಟಿ ಅಂದರು: "ಇನ್ಮೇಲೆ ಆಳು ಇಟ್ಕಳಾದು ಬುಡಾದು ಯಾರ ಬಾಯಿ ಮಾತ್ನಲ್ಲೂ ಇಲ್ಲ ಕಣ್ರೀ. ಪಟ್ಟಿ ಏನಂತದೋ ಅದೇ ಕಡೆ." ಬೇಸಿಗೆಯಲ್ಲಿ ಸಂಪಿಗೆ ಊರಿನಲ್ಲಿ ನಮ್ಮ ತಂಡ ಆಡುವ ನಾಟಕಕ್ಕೆ ಸೀನರಿ, ಮೈಕು, ಪೋಷಾಕಿನ ಖರ್ಚೆಲ್ಲ ಅವರದೇ ಅಂತೆ. ಭಿತ್ತಿಪತ್ರದಲ್ಲಿ ನನ್ನ ಹೆಸರು ಮೊಳದುದ್ದದ ಅಕ್ಷರದಲ್ಲಿ!

ಹಾರ್ಮೋನಿಯಂ ರಂಗಪ್ಪನ ಮಗ ರವಿಕಿರಣ ಎಂದರೆ ಬಿಳಿಗೆರೆ ಸುತ್ತ ಇಲ್ಲಿಯವರೆಗೆ ದುಷ್ಟರಾಜನ ಪಾರ್ಟಿನವನು. ಹದಿನಾಲ್ಕು ವರ್ಷದಿಂದ ನನ್ನ ಪ್ರಾಣಸ್ನೇಹಿತ ಚಿಕ್ಕಣ್ಣ ನನ್ನನ್ನು ರಂಗದ ಮೇಲೆ ಗದೆಯಿಂದ ಕೊಲ್ಲುತ್ತಿದ್ದಾನೆ. ಜನ ಅವನಿಗೆ ಶಿಳ್ಳೆ ಹೊಡೆಯುತ್ತಾರೆ. ಇವತ್ತು ಮೊದಲ ಸಲ ನನಗೆ ಹೊಡೆದರು. ನಿರ್ಮಲಾ ಮೇಡಂ, ನಮ್ಮ ಆಫೀಸಿನ ಯಜಮಾನಿ, ಎಲ್ಲರಿಗೂ ಬಾದಾಮಿ ಹಾಲು ತರಿಸಿದರು.

ಫೆಬ್ರವರಿ ೬, ಗುರುವಾರ

ಕಾರ್ಖಾನೆಗೆ ಹೋಗಿದ್ದೆ. ಆಹಾ, ಆ ಸುಲಿಯುವ ಶೆಡ್ಡು! ಎರಡು ಸಾಲಿನಲ್ಲಿ ನಲವತ್ತು ಕಬ್ಬಿಣದ ಗೂಟ, ಈಟಿಗಳಂತೆ ನೆಲದಿಂದ ಎದ್ದು ನಿಂತಿವೆ. ಪ್ರತಿ ಗೂಟದ ಪಕ್ಕ ಕಾರ್ಡು ಮುಟ್ಟಿಸುವ ಡಬ್ಬಿ, ಜಾರುಹಲಗೆ, ಅದರ ಬಾಯಲ್ಲಿ ಕಾಯಿ ಎಣಿಸುವ ಕಣ್ಣು. ಒಂಬತ್ತನೆಯ ಗೂಟದಲ್ಲಿ ನಮ್ಮ ಚಿಕ್ಕಣ್ಣ. ಕಾಯಿಯನ್ನು ಎತ್ತಿ ತುದಿಗೆ ಕುಕ್ಕುತ್ತಾನೆ, ಮೈಯ ಭಾರವನ್ನೆಲ್ಲ ಹಾಕಿ ತಿರುಚುತ್ತಾನೆ. ಮೂರು ತಿರುಚಿಗೆ ಮಟ್ಟೆ ಒಂದು ಕಡೆ, ಕಾಯಿ ಇನ್ನೊಂದು ಕಡೆ. ದಿನಕ್ಕೆ ಸಾವಿರದ ಐನೂರು. ಪಟ್ಟಿಯಲ್ಲಿ ಅವನೇ ಮೊದಲು. ಮಧ್ಯಾಹ್ನ ಆ ಗೂಟದ ಪಕ್ಕದಲ್ಲೇ ಕೂತು ಅವನ ಬುತ್ತಿಯ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ. "ನೀನು ಮಾಡಿರೋ ಕಣ್ಣು ಕೊಳೆಕಾಯೂ ಲೆಕ್ಕ ಹಾಕ್ತದೆ ಕಣ್ಲಾ, ನಿನ್ನಂಗೇ ಪೆದ್ದು" ಅಂದ.

ಊಟ ಮುಗಿದ ಮೇಲೆ ಮೇಸ್ತ್ರಿ ಕಲ್ಲೇಶ್ ಹಾಳೆಯನ್ನು ಬಾಗಿಲಿಗೆ ಅಂಟಿಸಿದ. ಆಳುಗಳನ್ನು ಕರೆತರುವವನೂ ಅವನೇ, ಕಾಯುವವನೂ ಅವನೇ. ಕಡೆಯ ಹೆಸರಿನವನನ್ನು ಕರೆದು ಕಪಾಳಕ್ಕೆ ಬಾರಿಸಿದ. ಶೆಡ್ಡಿನ ತಗಡಿಗೆ ಆ ಸದ್ದು ಬಡಿದು ಹಿಂದಕ್ಕೆ ಬಂದಾಗ ಥೇಟು ಚಪ್ಪಾಳೆಯಂತೆ ಕೇಳಿಸಿತು. ಒಂದು ಕ್ಷಣ ನನಗೇ ಹೊಡೆಯುತ್ತಿದ್ದಾರೆಂದುಕೊಂಡೆ.

ಫೆಬ್ರವರಿ ೧೧, ಮಂಗಳವಾರ

ಮೂರು ದಿನದಿಂದ ಕಡೆಯ ಹೆಸರು ಒಂದೇ: ಕರಿಯಪ್ಪ. ಅರವತ್ತು ದಾಟಿದ ಮುದುಕ. ಬಲಭುಜ ಕೂತುಹೋಗಿದೆ, ಆರುನೂರು ಸುಲಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಇವತ್ತು ಕಲ್ಲೇಶ್ ಕೈಯಲ್ಲಿ ಹೊಡೆಯಲಿಲ್ಲ. ತೋಟದಿಂದ ತೆಂಗಿನ ಹಸಿ ಎಡಮಟ್ಟೆ, ಗರಿಯ ಬುಡದ ದಪ್ಪ ದಂಟು, ತರಿಸಿಕೊಂಡಿದ್ದ. ಬೆನ್ನ ಮೇಲೆ, ಮೊಣಕಾಲ ಹಿಂದೆ, ಬಿದ್ದ ಮೇಲೆ ಪಕ್ಕೆಗೆ. ಮುದುಕ ಕೂಗಲಿಲ್ಲ, ಮಟ್ಟೆಯ ರಾಶಿಗೆ ಮುಖ ಒತ್ತಿಕೊಂಡು ನಾರು ಕಚ್ಚಿದ. ಏಟು ಬಿದ್ದಲ್ಲೆಲ್ಲ ಚರ್ಮ ಹಸಿ ಕುಂಕುಮದ ಪಟ್ಟೆ ಎಳೆದಂತೆ ಎದ್ದಿತು.

ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕೆಂಪು ಅಕ್ಷರದ ಪಕ್ಕದಲ್ಲೇ.

ಹಾಳೆ ಹೊಡೆಯುವುದಿಲ್ಲ. ಹಾಳೆ ಇದ್ದದ್ದನ್ನು ಹೇಳುತ್ತದೆ. ಹಾರ್ಮೋನಿಯಂ ಶ್ರುತಿ ಕೊಡುತ್ತದೆ. ರಂಗದ ಮೇಲೆ ಯಾರೋ ಯಾರನ್ನೋ ಕೊಂದರೆ ಹಾರ್ಮೋನಿಯಂ ಏನು ಮಾಡೀತು? ಇದನ್ನು ಮನೆಗೆ ಬಂದು ಹೆಂಡತಿ ಪವಿತ್ರಾಳಿಗೆ ಎತ್ತರದ ದನಿಯಲ್ಲಿ ವಿವರಿಸಿದೆ. ಅವಳು ಕೇಳಿಸಿಕೊಂಡು, ಒಲೆಯ ಮೇಲಿನ ಸಾರಿಗೆ ಉಪ್ಪು ಹಾಕಿದೆನಾ ಇಲ್ಲವಾ ಎಂದು ತನ್ನಷ್ಟಕ್ಕೆ ತಾನೇ ಕೇಳಿಕೊಂಡಳು.

ಫೆಬ್ರವರಿ ೧೩, ಗುರುವಾರ

ಇವತ್ತಿನದು ನನ್ನ ಬಾಳಿನ ಅತ್ಯುತ್ತಮ ಅಂಕ!

ಬೆಳಗ್ಗೆ ಕಲ್ಲೇಶ್ ಫೋನು ಮಾಡಿದ. ನಿನ್ನೆ ಕರಿಯಪ್ಪನ ಲೆಕ್ಕ ಸಾವಿರಕ್ಕೆ ಏರಿದೆ, ಬೆನ್ನು ಬಾತುಕೊಂಡು ಕೂರಲಾಗದ ಮುದುಕ ಸಾವಿರ ಹೇಗೆ ಸುಲಿದ, ಕಂಡುಹಿಡಿದು ಕೊಡಿ ಸಾರ್ ಅಂದ. ಕಾರ್ಡಿನ ಟೇಬಲ್ಲನ್ನೂ ಗೂಟದ ಟೇಬಲ್ಲನ್ನೂ ಎದುರುಬದುರು ನಿಲ್ಲಿಸಿ ಕ್ವೆರಿ ಬರೆದೆ: ಕಾರ್ಡು ಒಬ್ಬನದು, ಗೂಟ ಇನ್ನೊಬ್ಬನದು, ಅಂಥ ಸಾಲುಗಳೆಲ್ಲ ಹೊರಗೆ ಬನ್ನಿ! ಬಂದವು. ಒಂದಲ್ಲ ಎರಡಲ್ಲ, ಎಂಬತ್ಮೂರು. ಇಡೀ ಶೆಡ್ಡೇ ಒಳಗೊಳಗೆ ಒಬ್ಬರಿಗೊಬ್ಬರು ಸುಲಿದುಕೊಡುತ್ತಿದೆ. ಜ್ವರ ಬಂದವನ ಕಾರ್ಡನ್ನು ಪಕ್ಕದವನು ತನ್ನ ಗೂಟಕ್ಕೆ ಮುಟ್ಟಿಸಿ ನೂರು ಸುಲಿಯುತ್ತಾನೆ. ಇವನು ವಾಸಿಯಾದ ಮೇಲೆ ಅವನ ಕಾರ್ಡಿನಲ್ಲಿ ನೂರು ತೀರಿಸುತ್ತಾನೆ. ಒಂದು ಕಾಯಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇದರ ಹೆಸರು ನನಗೆ ಗೊತ್ತು. ಮುಯ್ಯಿ. ರಾಗಿ ಕಳೆ ತೆಗೆಯುವ ಕಾಲಕ್ಕೆ ನಮ್ಮವ್ವ ಮುಯ್ಯಾಳಾಗಿ ಹೋಗುತ್ತಿದ್ದಳು. ಇವತ್ತು ಅವರ ಹೊಲ, ನಾಳೆ ನಮ್ಮ ಹೊಲ. ಆದರೆ ಅದು ಹೊಲ. ಇದು ಡೇಟಾಬೇಸು. ಇಲ್ಲಿ ಅದಕ್ಕೊಂದು ಕಾಲಂ ಇಲ್ಲ.

ರಿಪೋರ್ಟಿಗೆ "ಕಳ್ಳ ಲೆಕ್ಕ" ಎಂದು ಶೀರ್ಷಿಕೆ ಕೊಟ್ಟೆ. ಅತಿ ಹೆಚ್ಚು ಕಾಯಿ ಮುಯ್ಯಿ ಕೊಟ್ಟದ್ದು ಒಂಬತ್ತನೆಯ ಗೂಟ; ಕರಿಯಪ್ಪನ ಕಾರ್ಡಿಗೆ ಒಂದೇ ದಿನ ನಾನೂರು. ನಾನು ಕಟುಕನಲ್ಲ. ಹೆಸರಿನ ಟೇಬಲ್ಲನ್ನು ಸೇರಿಸಲಿಲ್ಲ. ಬರೀ ಗೂಟದ ನಂಬರು ಮಾತ್ರ ಕಾಣುವಂತೆ ಮಾಡಿ ಕಳಿಸಿದೆ. ಅಷ್ಟು ದಯೆ ರಾಜನಾದವನಿಗೆ ಇರಬೇಕು.

ಫೆಬ್ರವರಿ ೧೬, ಭಾನುವಾರ

ಮಧ್ಯಾಹ್ನ ಶಾಲೆಯ ಹಿಂದಿನ ಜಗಲಿಯಲ್ಲಿ ತಾಲೀಮು. ಗದಾಯುದ್ಧದ ದೃಶ್ಯ. ಮೂರು ಏಟು ಗಾಳಿಗೆ, ನಾಲ್ಕನೆಯದಕ್ಕೆ ನಾನು ಬೀಳಬೇಕು. ಚಿಕ್ಕಣ್ಣ ತನ್ನ ಮಾತು ಹೇಳಲೇ ಇಲ್ಲ. ಗದೆಯನ್ನು ನೆಲಕ್ಕೆ ಊರಿ ನಿಂತ.

"ನಿನ್ನೆ ಕಳ್ಳ ಲೆಕ್ಕ ಅಂತ ಕರಿಯಪ್ಪಣ್ಣನ್ನ ಗೇಟಿಂದ ಆಚೆ ಎಸುದ್ರು. ಕಲ್ಲಿಗೆ ತಲೆ ಬಡ್ದು ಬಾಯ್ಗಂಟ ರಕ್ತ ಇಳೀತಿತ್ತು. ನನಗೂ ಹೇಳವ್ನೆ ಕಲ್ಲೇಶ, ನೀನು ಯಾವತ್ತಾದ್ರೂ ಕಡೇ ಸಾಲಿಗೆ ಬಾ, ಆವತ್ತು ನೋಡ್ಕತ್ತೀನಿ ಅಂತ. ನಿನ್ನ ಹಾಳೆ ಅವನ ಜೇಬಲ್ಲಿತ್ತು."

ಮಾತು ಹೇಳು, ತಾಳ ತಪ್ಪುತ್ತಿದೆ ಎಂದೆ. ಹೆಸರು ಬರೆದಿಲ್ಲ, ನಂಬರು ಮಾತ್ರ ಎಂದೂ ಹೇಳಿದೆ.

"ನಿಮ್ಮವ್ವ ಮುಯ್ಯಿಗೆ ಹೋಗ್ತಿದ್ದಾಗ ಯಾವನ್ಲಾ ಪಟ್ಟಿ ಬರ್ಕೊಂಡಿದ್ದು?" ಅಂದ.

ಸುತ್ತ ನಿಂತಿದ್ದವರು ನಕ್ಕರು. ಬಣ್ಣವಿಲ್ಲದೆ, ಕಿರೀಟವಿಲ್ಲದೆ, ನನ್ನನ್ನು ನೋಡಿ. ನನ್ನ ಕೈಯ ಗದೆ ಹಲಸಿನ ಮರದ್ದು, ಅಪ್ಪನ ಕಾಲದ್ದು. ಅದು ಎದ್ದಿತು, ಅವನ ಬಲಭುಜದ ಮೇಲೆ ಇಳಿಯಿತು. ಒಣ ಮಟ್ಟೆ ಮುರಿದಂಥ ಸದ್ದು. ಅವನು ಮಂಡಿಯೂರಿದ. ಎರಡನೆಯದನ್ನೂ ಎತ್ತಿದ್ದೆ, ಯಾರೋ ಹಿಂದಿನಿಂದ ತಬ್ಬಿ ಹಿಡಿದರು.

ಪಾತ್ರ ಮೈಮೇಲೆ ಬಂದಿತ್ತು, ಅಷ್ಟೇ. ದೊಡ್ಡ ದೊಡ್ಡ ನಟರಿಗೂ ಆಗುವುದುಂಟು. ಹದಿನಾಲ್ಕು ವರ್ಷ ಅವನೇ ಹೊಡೆದಿದ್ದಾನೆ, ನಾನು ಲೆಕ್ಕ ಇಟ್ಟಿಲ್ಲ. ಮೂಳೆ ಮುರಿದಿಲ್ಲವಂತೆ. ಒಂದೆರಡು ದಿನ ಎತ್ತಲಾಗುವುದಿಲ್ಲವಂತೆ.

ಫೆಬ್ರವರಿ ೧೮, ಮಂಗಳವಾರ

ನಿನ್ನೆ ಒಂಬತ್ತನೆಯ ಗೂಟ: ೫೮೦ ಕಾಯಿ. ಕಡೆಯ ಸಾಲು.

ನಾನು ಕಾರ್ಖಾನೆಯಲ್ಲೇ ಇದ್ದೆ. ಸರ್ವರ್ ಇಟ್ಟಿರುವ ಗಾಜಿನ ಕೋಣೆಯಲ್ಲಿ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಲ್ಲೇಶ್ ಬಂದ. ಜೊತೆಗೆ ಇಬ್ಬರು. ಚಿಕ್ಕಣ್ಣ ಎಡಗೈಯಲ್ಲಿ ಸುಲಿಯಲು ನೋಡುತ್ತಿದ್ದ. ಎಡಮಟ್ಟೆಯಿಂದ ಬೆನ್ನಿಗೆ ಎಂಟು ಏಟು. ಒಂಬತ್ತನೆಯದನ್ನು ಚಿಕ್ಕಣ್ಣ ಹಿಡಿದುಕೊಂಡ, ಕಿತ್ತು ಎಸೆದ, ಕಲ್ಲೇಶನ ಮೂಗಿಗೆ ಹಣೆಯಿಂದ ಗುದ್ದಿದ. ರಕ್ತ ಬಂತು. ಆಗ ಇಬ್ಬರೂ ಅವನನ್ನು ಕೆಡವಿ ಕೂತರು.

ಕಲ್ಲೇಶ್ ಅವನ ಬಲಗೈ ಹಿಡಿದು, ಅಂಗೈಯನ್ನು ಗೂಟದ ತುದಿಗೆ ತಂದ. ಕಾಯಿ ಕುಕ್ಕುವ ಹಾಗೆಯೇ ಕುಕ್ಕಿದ. ಮೈಭಾರ ಹಾಕಿದ. ತಿರುಚಿದ.

ಕೋಣೆಯೊಳಗೆ ಎಸಿ. ಗಾಜು ದಪ್ಪ. ಏನೂ ಕೇಳಿಸಲಿಲ್ಲ. ಉಳಿದ ಮೂವತ್ತೆಂಟು ಗೂಟದ ಆಳುಗಳು ಎದ್ದು ನಿಂತಿದ್ದು ಕಾಣಿಸಿತು. ಯಾರೂ ಮುಂದೆ ಬರಲಿಲ್ಲ. ಬಿಟ್ಟ ಮೇಲೆ ಆ ಕೈ ಜಾರುಹಲಗೆಯ ಮೇಲೆ ಬಿದ್ದು ಕೆಳಕ್ಕೆ ಜಾರಿತು, ಎಣಿಸುವ ಕಣ್ಣಿನ ಮುಂದೆ ಹಾದಿತು. ನನ್ನ ಪರದೆಯ ಮೇಲೆ ೨೧೧ ಇದ್ದದ್ದು ೨೧೨ ಆಯಿತು.

ಫೆಬ್ರವರಿ ೧೯, ಬುಧವಾರ

ಆಸ್ಪತ್ರೆ. ಅಂಗೈಯ ನಡುವೆ ತೂತು. ಎರಡು ಮೂಳೆ ಪುಡಿ. ಆರು ವಾರ ಕೈಯನ್ನು ಅಲುಗಿಸುವಂತಿಲ್ಲ, ಆಮೇಲೆ ನೋಡೋಣ ಎಂದಿದ್ದಾರೆ ಡಾಕ್ಟರು. ಚಿಕ್ಕಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಅವರವ್ವ ಭೂತಮ್ಮ ನನ್ನನ್ನು ಹೊರಗೆ ಕರೆದುಕೊಂಡು ಬಂದಳು. ಬೈಯುತ್ತಾಳೆಂದು ನಿಂತೆ. ಬೈಯಲಿಲ್ಲ.

"ಏಳು ದಿನಕ್ಕೆ ಹೆಸ್ರು ಹೊಂಟೋಯ್ತದಂತಲ್ಲ ಮಗ. ಹೋದ್ರೆ ಇನ್ನು ಸೇರುಸ್ಕಳಕಿಲ್ವಂತೆ. ಕೈ ಬಂದ್ಮೇಲೆ ಅವನು ಎಲ್ಲಿಗೋಗ್ಬೇಕು? ಅದೊಂದು ನಿಲ್ಸು ಕಣಪ್ಪ."

ಆಗಲಿ ಎಂದೆ. ಆಗಲಿ ಎನ್ನುವುದು ಸುಲಭ. ಲೆಕ್ಕ ಹಾಕಿದೆ: ನಿನ್ನೆ ಬೆಳಗ್ಗೆ ಕಾಯಿ ಸುಲಿದಿದ್ದಾನೆ. ಸೊನ್ನೆ ಇವತ್ತಿನಿಂದ. ಇಪ್ಪತ್ತೈದು, ಮಂಗಳವಾರ, ಕಡೆಯ ದಿನ. ನಿಯಮ ಭಾನುವಾರವನ್ನೂ ಬಿಡದೆ ಎಣಿಸುತ್ತದೆ. ಬಿಡಿಸಲು ನಾನು ಮರೆತಿದ್ದೆ.

ಫೆಬ್ರವರಿ ೨೧, ಶುಕ್ರವಾರ

ಗೂಟ ೯. ನಿಂತ ಅವಧಿ: ೧೧.೧೦ರಿಂದ. ಕಾರಣ: ಖಾಲಿ.

ಆ ಖಾಲಿ ಜಾಗ ತುಂಬಿಸಿ ಪ್ರಿಂಟು ಕೊಡಿ, ಆಸ್ಪತ್ರೆಯ ಕಾಗದಕ್ಕೆ ಬೇಕು ಎಂದು ಬೆಟ್ಟಸ್ವಾಮಿಯವರು ಹೇಳಿಕಳಿಸಿದರು. ಏನೆಂದು ತುಂಬಿಸಬೇಕೆಂದೂ ಹೇಳಿದರು: ಕೆಲಸಗಾರನ ಅಜಾಗರೂಕತೆ. ಟೈಪು ಮಾಡಿದೆ. ಎರಡು ಪದ.

ಮನೆಗೆ ಬಂದೆ. ಏಳು ದಿನದ ನಿಯಮ ತೆಗೆದಿರಾ ಎಂದು ಪವಿತ್ರಾ ಕೇಳಿದಳು. ನೋಡೋಣ ಎಂದೆ. ನೋಡುವುದಕ್ಕೆ ಇನ್ನು ನಾಲ್ಕೇ ದಿನ ಅಂದಳು. ನನ್ನ ಕೈ ಮೇಲೆದ್ದಿತು. ಅವಳು ಹಿಂದೆ ಸರಿಯಲಿಲ್ಲ. ನನ್ನ ಕೈಯನ್ನು ನೋಡಲೂ ಇಲ್ಲ.

"ಕೆಂಪು ಪಟ್ಟೀಲಿ ನನ್ನ ಹೆಸರೂ ಬಂತೇನ್ರೀ?" ಅಂದಳು.

ಕೈ ಕೆಳಗಿಳಿಸಿದೆ. ಊಟಕ್ಕೆ ಅವಳು ನನ್ನ ಜೊತೆ ಕೂರಲಿಲ್ಲ.

ಫೆಬ್ರವರಿ ೨೪, ಸೋಮವಾರ

ಬೆಳಗ್ಗೆ ಒಂಬತ್ತಕ್ಕೆ ಏಳು ದಿನದ ನಿಯಮ ಅಳಿಸಿದೆ. ಕಾರಣದ ಜಾಗದಲ್ಲಿ ಇದ್ದದ್ದನ್ನು ಅಳಿಸಿ ಹೀಗೆ ಬರೆದೆ: ಮೇಸ್ತ್ರಿ ಕಲ್ಲೇಶ್ ಕೆಲಸಗಾರನ ಅಂಗೈಯನ್ನು ಗೂಟಕ್ಕೆ ಚುಚ್ಚಿದ್ದು. ಹನ್ನೊಂದಕ್ಕೆ ನಿರ್ಮಲಾ ಮೇಡಂ ಎರಡನ್ನೂ ಹಿಂದಿನಂತೆಯೇ ಮಾಡಿಸಿದರು. ನನ್ನ ಪಾಸ್‌ವರ್ಡು ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. ಬೇರೆ ಮೂರು ಕಾರ್ಖಾನೆಯ ಕೆಲಸ ಇದರ ಮೇಲೆ ನಿಂತಿದೆ ರವಿ, ಮನೆಗೆ ಹೋಗಿ ಅಂದರು.

ಮನೆಗೆ ಹೋಗಲಿಲ್ಲ. ಶೆಡ್ಡಿನ ಆಳುಗಳ ಮನೆಗಳಿಗೆ ಹೋದೆ. ನಾಳೆ ಚಿಕ್ಕಣ್ಣನ ಕಾರ್ಡಿನಲ್ಲಿ ಹತ್ತೇ ಹತ್ತು ಕಾಯಿ ಸುಲಿದು ಹಾಕಿ ಎಂದೆ. ಒಬ್ಬನೂ ಒಪ್ಪಲಿಲ್ಲ. ಒಪ್ಪಬಾರದು ಕೂಡ. ಬೇರೆ ಗೂಟಕ್ಕೆ ಆ ಕಾರ್ಡು ಮುಟ್ಟಿದರೆ ನನ್ನ ರಿಪೋರ್ಟು ಆ ಗೂಟವನ್ನು ಹಿಡಿಯುತ್ತದೆ. ಒಂಬತ್ತನೆಯ ಗೂಟದಲ್ಲೇ ಮುಟ್ಟಿದರೆ ಹಿಡಿಯುವುದಿಲ್ಲ. ಆದರೆ ತನ್ನ ಗೂಟ ಬಿಟ್ಟು ಅಲ್ಲಿಗೆ ಯಾರು ಹೋಗುತ್ತಾರೆ.

ಕರಿಯಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದ. "ಗೇಟು ಮಕ ನೋಡಾಕಿಲ್ಲ ಕಣಪ್ಪ, ಕಾರ್ಡು ನೋಡ್ತದೆ. ನೀನೇ ಮಾಡಿರಾದಲ್ವಾ" ಅಂದ. ಆಮೇಲೆ ಅಂಗಳದ ಗೂಟದ ಹತ್ತಿರ ಕೂರಿಸಿ, ಕಾಯಿ ಹೇಗೆ ಹಿಡಿಯಬೇಕೆಂದು ಎಡಗೈಯಲ್ಲಿ ತೋರಿಸಿಕೊಟ್ಟ. ಭೂತಮ್ಮನ ಹತ್ತಿರ ಕಾರ್ಡು ಇಸಿದುಕೊಂಡೆ.

ಫೆಬ್ರವರಿ ೨೫, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಎಂಟಕ್ಕೆ ಗೇಟು ತೆರೆಯಿತು. ಒಂಬತ್ತನೆಯ ಗೂಟದಲ್ಲಿ ಕೂತೆ. ಬುಡದ ಸಿಮೆಂಟಿಗೆ ಹಿಡಿದ ರಕ್ತ ಯಾರೂ ತೊಳೆದಿರಲಿಲ್ಲ.

ಮೊದಲ ಕಾಯಿಗೆ ಕಾಲು ಗಂಟೆ. ಹತ್ತು ಗಂಟೆಗೆ ಅಂಗೈಯ ಚರ್ಮ ಹೋಯಿತು. ಕಲ್ಲೇಶ್ ಬಂದು ನೋಡಿದ. ಮೂಗಿಗೆ ಪಟ್ಟಿ ಇತ್ತು. ಎಬ್ಬಿಸಲಿಲ್ಲ. ಕಾರ್ಡು ಸರಿ, ಗೂಟ ಸರಿ. ಪಟ್ಟಿ ಹೇಳದೆ ಅವನು ಯಾರನ್ನೂ ತೆಗೆಯುವಂತಿಲ್ಲ.

"ಆಡಿ ಸಾರ್, ನಾಟ್ಕ. ಸಂಜೆ ಪಟ್ಟಿ ಬರ್ತದಲ್ಲ" ಅಂದ.

ಸಂಜೆ ಪಟ್ಟಿ ಬಂತು. ಕಡೆಯ ಸಾಲು. ಎಡಮಟ್ಟೆಯೂ ಬಂತು. ನಾಲ್ಕನೆಯದಕ್ಕೆ ಬಿದ್ದೆ. ರಂಗದ ಮೇಲೆ ಅಲ್ಲಿಗೆ ಮುಗಿಯುತ್ತದೆ. ಬಿದ್ದ ಮೇಲೆ ಇನ್ನೂ ಹನ್ನೊಂದು. ಬಲ ಮುಂಗೈಯ ಮೇಲೆ ಬೂಟುಗಾಲು ಇಟ್ಟು ನಿಂತ. ಕೂಗಿದೆ. ನನ್ನ ದನಿ ಅಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಒಂದು ಹಲ್ಲು ಹೋಯಿತು. ಎಣಿಸುತ್ತಿದ್ದಾಗ ತಿಳಿಯಿತು, ಶೆಡ್ಡಿನಲ್ಲಿ ಬೇರೆ ಸದ್ದೇ ಇರಲಿಲ್ಲ. ಮೂವತ್ತೆಂಟು ಮಂದಿಯೂ ಕೈ ನಿಲ್ಲಿಸಿದ್ದರು. ಕಲ್ಲೇಶ್ ತಿರುಗಿ ಅವರನ್ನು ನೋಡಿದ, ಎಡಮಟ್ಟೆ ಎಸೆದು ಹೋದ.

ಎತ್ತಿಕೊಂಡು ಹೋದವರು ಯಾರೆಂದು ಕಾಣಿಸಲಿಲ್ಲ. ಬಾಗಿಲ ಹಾಳೆಯನ್ನು ಯಾರೋ ಕಿತ್ತು ನನ್ನ ಜೇಬಿಗೆ ತುರುಕಿದ್ದರು.

ಆಸ್ಪತ್ರೆಯಲ್ಲಿ ನನಗೆ ಚಿಕ್ಕಣ್ಣನ ಪಕ್ಕದ ಮಂಚ. ಪವಿತ್ರಾ ಹಾಳೆ ಬಿಡಿಸಿ ಅವನ ಮುಖದ ಮುಂದೆ ಹಿಡಿದಳು. ಕೆಂಪು ಅಕ್ಷರ: ಚಿಕ್ಕಣ್ಣ, ಗೂಟ ೯, ಕಾಯಿ ೧೧೨.

ಗೋಡೆಯ ಕಡೆ ತಿರುಗಿದ್ದವನು ಬಹಳ ಹೊತ್ತು ಓದಿದ.

"ನನ್ನೆಸ್ರಲ್ಲಿ ನೂರಾ ಹನ್ನೆರ್ಡೇನ್ಲಾ?" ಅಂದ. "ಮಾನ ಕಳುದ್ಯಲ್ಲೋ."

ಹೆಸರು ಉಳಿದಿದೆ. ಮತ್ತೆ ಏಳು ದಿನ. ಅವನ ಕೈಗೆ ಇನ್ನು ಐದು ವಾರ ಬೇಕು.

ಇನ್ನು ಐದು ಮಂಗಳವಾರ.